ಬಡಿದು ನೋಡುವುದು

ಉದ್ಯಮಬಾಗದ ಮೂರನೇ ಓಣಿ. ಕೆಳಗೆ ಫೌಂಡ್ರಿ, ಮೇಲೆ ನಾವು.
ಅವರು ಪಂಪಿನ ಕವಚ ಎರೆಯುತ್ತಾರೆ,
ನಾವು ಪತ್ತಿನ ಸಂಘಗಳ ಕಿರ್ದಿ ಖಾತೆಗೆ ಸಾಫ್ಟ್‌ವೇರು.
ಸಂಜೆ ಕುಲುಮೆ ಬಾಯಿ ತೆರೆದಾಗ
ನನ್ನ ಚಹಾದ ಕಪ್ಪಿನಲ್ಲೂ ಒಂದು ಸಣ್ಣ ನಡುಕ.

ಹನ್ನೊಂದು ಸಾವಿರದ ನಾಲ್ಕುನೂರಾ ಆರು ಪರೀಕ್ಷೆಗಳು.
ಎಲ್ಲ ಓಡಿ ಮುಗಿಯಲು ಆರು ತಾಸು ಹತ್ತು ನಿಮಿಷ.
ಭರತೇಶ ಒಂದು ಸಾಲು ಬದಲಿಸಿ ಗುಂಡಿ ಒತ್ತುತ್ತಾನೆ,
ಖಾನಾವಳಿಗೆ ಹೋಗಿ ಬರುತ್ತಾನೆ,
ಬದಲಿಸಿದ್ದು ಏನೆಂಬುದನ್ನೇ ಮರೆತು ಕೂರುತ್ತಾನೆ;
ಆಗ ಬರುತ್ತದೆ ಕೆಂಪು ಸಾಲು.
ನಿನ್ನೆಯ ರೊಟ್ಟಿಯಾದರೂ ಕಡಕಾಗಿ ಬಾಳುತ್ತದೆ,
ತಡವಾಗಿ ಸಿಕ್ಕ ತಪ್ಪು ಹಳಸುತ್ತದೆ.

“ಇಪ್ಪತ್ತು ನಿಮಿಷಕ್ಕ ಇಳಸ್ರಿ” ಎಂದರು ಶಹಾಪುರಕರ ಸಾಹೇಬರು.
ಗೋಕಾಕದಿಂದ ಅವ್ವ ಫೋನಿನಲ್ಲಿ ನಕ್ಕಳು:
“ಅನ್ನ ಬೆಂದದ್ದು ನೋಡಾಕ ಒಂದ ಅಗಳು ಹಿಚಕಿದರ ಸಾಕಲ್ಲ.”
ಅವ್ವಾ, ನನ್ನ ಗಡಿಗೆಯಲ್ಲಿ
ಒಂದೊಂದು ಅಗಳಿಗೂ ಬೇರೆ ಬೇರೆ ಒಲೆ.
ನಿನ್ನೆ ರಾತ್ರಿ ಹದಿನೆಂಟು ತುಂಬಿದ ಹುಡುಗಿಯ ಖಾತೆ,
ಫೆಬ್ರವರಿ ಇಪ್ಪತ್ತೊಂಬತ್ತಕ್ಕೆ ಒತ್ತೆ ಬಿದ್ದ ಬೋರಮಾಳ ಸರ,
ಉಳಿದ ನೂರೇ ರೂಪಾಯಿಗೆ
ನಿಪ್ಪಾಣಿಯಲ್ಲಿ ಗಂಡ, ಅಥಣಿಯಲ್ಲಿ ಹೆಂಡತಿ
ಒಂದೇ ಗಳಿಗೆಗೆ ಕೈ ಚಾಚಿದ್ದು.

ಮಧ್ಯಾಹ್ನ ಕೆಳಗಿಳಿದೆ. ಯಲ್ಲೋಜಿ ಕಾಕಾ
ಸಣ್ಣ ಸುತ್ತಿಗೆ ಹಿಡಿದು ಎರಕದ ಮೈಗೆ ಬಡಿಯುತ್ತಿದ್ದರು.
ಠಣ್. ಠಣ್. ಠಣ್.
ಥಡ್.
ಅದನ್ನು ಪಕ್ಕಕ್ಕೆ ಸರಿಸಿದರು, ಬೈಯಲಿಲ್ಲ.
“ಎಲ್ಲಾ ಬಡೀತೀರೇನ್ರಿ ಕಾಕಾ?”
“ಎಲ್ಲಾ ಬಡಕೋತ ಕುಂತ್ರ ಲಾರಿ ನಿಂದರತೈತೇನವಾ?
ಇವತ್ತ ಅಚ್ಚು ತಿದ್ದೀವಿ, ಅದರಾಗಿಂದ ಬಂದದ್ದ ಅಷ್ಟೂ ಬಡೀತೀನಿ.
ಹಳೇ ಅಚ್ಚಿಂದು ಇಪ್ಪತ್ತಕ್ಕ ಒಂದ.
ಐತವಾರ ಭಟ್ಟಿ ಮಲಗಿರತೈತಿ,
ಅವತ್ತ ಉಳದದ್ದು.”

“ಮತ್ತ ತಪ್ಪಿಸಿಕೊಂಡು ಹೋದದ್ದು?”

ಸುತ್ತಿಗೆಯ ತುದಿಯಿಂದ ಮೇಜು ತೋರಿಸಿದರು.
ಗೇಟ್‌ಪಾಸುಗಳ ಮೇಲೆ ಭಾರಕ್ಕೆ
ಒಡೆದ ಕವಚದ ಅಂಗೈಯಗಲ ಚೂರು,
ಸಾಂಗ್ಲಿಯ ಯಾವುದೋ ಬಾವಿಯಿಂದ ತಿರುಗಿ ಬಂದದ್ದು.
“ಅದನ್ನ ಬಿಟ್ಟಿರಲಿಲ್ಲ ನಾ. ಬಡದಿದ್ದೆ.
ಅವತ್ತ ನೆಗಡಿ. ಕಿವಿ ಕಟ್ಟಿದ್ದೂವು.”

ಮೆಟ್ಟಿಲು ಹತ್ತುವಾಗ ಕಾಲು ನಿಧಾನವಾಯಿತು.

ಮೇಲೆ ಬಂದು, ಯಾರಿಗೂ ಹೇಳದೆ,
ಬಡ್ಡಿಯ ಲೆಕ್ಕವನ್ನು ಬೇಕೆಂದೇ ಕೆಡಿಸಿದೆ:
ಕೂಡಿಸುವಲ್ಲಿ ಕಳೆದೆ.
ಬಡ್ಡಿ ಮುಟ್ಟುವ ಪರೀಕ್ಷೆಗಳನ್ನೆಲ್ಲ ಓಡಿಸಿದೆ.
ಎಂಟುನೂರಾ ಮೂವತ್ತು ಪರೀಕ್ಷೆಗಳು ಹಸಿರಾಗಿ ನಿಂತು
ಠಣ್ ಅಂದವು.
ವರ್ಷಗಟ್ಟಲೆ ನಮ್ಮ ರಾತ್ರಿಗಳನ್ನು ತಿಂದು
ಕಿವಿಯಿಲ್ಲದೆ ಬಡಿಯುತ್ತಿದ್ದವು ಇವು.
ಅಳಿಸುವಾಗ ಹಗುರೆನಿಸಲಿಲ್ಲ ನನಗೆ;
ಅರ್ಧದಷ್ಟನ್ನು ಬರೆದವಳು ನಾನೇ.

ಆಮೇಲಿನದು ಬೇಸರದ ಕೆಲಸ, ಹನ್ನೆರಡು ದಿನ.
ಯಾವ ಸಾಲು ಯಾವ ಕೋಷ್ಟಕ ಮುಟ್ಟುತ್ತದೆ,
ತಿದ್ದಿದ್ದಕ್ಕೆ ತಾಗಿದ್ದು ಕೂಡಲೇ,
ಉಳಿದದ್ದು ರಾತ್ರಿಗೆ.
ನಲವತ್ತು ವರ್ಷದ ಕಿರ್ದಿ ಹೊತ್ತು ತರುವ ಆ ಮುದಿ ಪರೀಕ್ಷೆ
ಐತವಾರಕ್ಕೆ.

ಹಗಲಿನ ಓಟ ಇಪ್ಪತ್ತೆರಡು ನಿಮಿಷಕ್ಕೆ ಬಂದು ನಿಂತಿತು.
ಸಾಹೇಬರು ಗಡಿಯಾರ ನೋಡಿದರು. “ಎರಡ ಹೆಚ್ಚ ಯಾಕ?”
ಆ ಎರಡು, ಒಬ್ಬರು ಕೀಲಿ ಹಾಕಿ ಎಣಿಸುವಾಗ
ಇನ್ನೊಬ್ಬರು ಬಾಗಿಲಲ್ಲಿ ಕಾಯುವ ಹೊತ್ತು.
ಅವಸರಿಸಿದರೆ ಅಲ್ಲಿ ನೂರು ರೂಪಾಯಿ ಇನ್ನೂರಾಗುತ್ತದೆ.
ಅಷ್ಟೆಲ್ಲ ಹೇಳಲಿಲ್ಲ.
“ನಿಪ್ಪಾಣಿಯಿಂದ ಅಥಣಿಗೆ ದಾರಿರೀ” ಎಂದೆ.
ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಈಗ ಐತವಾರ ರಾತ್ರಿ. ಭಟ್ಟಿ ಮಲಗಿದೆ.
ವಡಗಾವಿಯ ನನ್ನ ಕೋಣೆಯಲ್ಲಿ ಫೋನು ಉಲ್ಟಾ ಮಲಗಿದೆ.
ಎಲ್ಲೋ ಅಲ್ಲಿ, ಕತ್ತಲ ಕಚೇರಿಯಲ್ಲಿ,
ಒಂದೊಂದಾಗಿ ಬಡಿಯುತ್ತಿದೆ ಎಲ್ಲವನ್ನೂ.
ನನಗೆ ಇವತ್ತು ಸ್ವಲ್ಪ ನೆಗಡಿ.